ಯಾರಿಗೂ ಹೇಳಬೇಡಿ

ಪೀಣ್ಯದ ನಮ್ಮ ಬೀದಿಯ ಟೀಚರಮ್ಮ ಒಂದು ಮಧ್ಯಾಹ್ನ ಕೋಣೆಯ ಚಿಲಕ ಹಾಕಿಕೊಂಡು ಫೋನಿನ ಮುಂದೆ ಕೂತೇಬಿಟ್ಟಿದ್ದರು. ಪರದೆಯ ಮೇಲೆ ಖಾಕಿ ತೊಟ್ಟವನೊಬ್ಬ. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ. ಫೋನ್ ಇಡಬೇಡಿ, ಮನೆಯಲ್ಲಿ ಯಾರಿಗೂ ಹೇಳಬೇಡಿ" ಎಂದನಂತೆ. ಸಂಜೆಯೊಳಗೆ ಉಳಿತಾಯದ ಮೂರು ಲಕ್ಷ ಹೋಯಿತು.

"ಓದಿದವರಾಗಿ ಹೀಗೆ ಮೋಸಹೋಗುವುದೇ?" ಎಂದರು ಜನ. ನನಗೆ ಸಿಟ್ಟು ಬಂದದ್ದು ಈ ಮಾತಿಗೆ. 2024ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಇಂಥದ್ದೇ ಬಲೆಗೆ ಬಿದ್ದು 11 ಕೋಟಿಗೂ ಹೆಚ್ಚು ಕಳೆದುಕೊಂಡರಲ್ಲ, ಅವರೇನು ಓದಿರಲಿಲ್ಲವೇ? ಕಳ್ಳ ಬಳಸಿಕೊಳ್ಳುವುದು ನಮ್ಮ ದಡ್ಡತನವನ್ನಲ್ಲ. "ಮರ್ಯಾದೆ ಹೋದೀತು, ಬಾಯಿಮುಚ್ಚು" ಎಂದು ಚಿಕ್ಕಂದಿನಿಂದ ನಮಗೆ ಕಲಿಸಿದ ಭಯವನ್ನು.

'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ. ರಾತ್ರಿ ಹೆಂಗಸನ್ನು ಬಂಧಿಸಬೇಕಾದರೆ ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಅನುಮತಿ ಎರಡೂ ಬೇಕೆನ್ನುವ ಕಾನೂನು, ಫೋನಿನಲ್ಲಿ ಹಿಡಿದಿಡಲು ಬಿಟ್ಟೀತೆ? ತನಿಖೆಗೆಂದು ಯಾವ ಪೊಲೀಸರೂ ಹಣ ಹಾಕಿಸಿಕೊಳ್ಳುವುದಿಲ್ಲ. ಅಕ್ಕಂದಿರೇ, ಅಂಥ ಫೋನ್ ಇಟ್ಟುಬಿಡಿ, ಮನೆಯವರನ್ನು ಕೂಗಿ. ದುಡ್ಡು ಹೋಗಿದ್ದರೆ ಆ ಕ್ಷಣವೇ 1930ಕ್ಕೆ ತಿಳಿಸಿ. ಬೇಗ ತಿಳಿಸಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಯಲು ದಾರಿಯುಂಟು.

ಟೀಚರಮ್ಮ ಆ ನಂಬರಿಗೆ ಫೋನ್ ಮಾಡಿದ್ದು ನಾಲ್ಕನೇ ದಿನ. ತಡವಾದದ್ದು ಕಳ್ಳನಿಗೆ ಹೆದರಿ ಅಲ್ಲ, ನಮ್ಮ ಬಾಯಿಗೆ ಹೆದರಿ.