ನೀರಿಳಿದ ಮೇಲೆ
ಕಟ್ಟಾಯ, ಗೊರೂರು ಕಡೆ ಹೋದವರು ಶೆಟ್ಟಿಹಳ್ಳಿಯ ಪಾಳುಬಿದ್ದ ಇಗರ್ಜಿ ನೋಡದೆ ಬರುವುದಿಲ್ಲ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಮಳೆಗಾಲಕ್ಕೆ ಅರೆಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ನೆನಪಾಗುವುದು ಮಂಜೇಶ್ವರದ ಕವಿ ಗೋವಿಂದ ಪೈ. ಕ್ರಿಸ್ತನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದವರು ಅವರು. ಕ್ರೈಸ್ತರಲ್ಲ, ಕೊಂಕಣಿ ಮನೆಮಾತಿನವರು. ಅದಕ್ಕೂ ಮೊದಲೇ, 1862ರಲ್ಲಿ, ಬಾಸೆಲ್ ಮಿಷನ್ನಿನ ಕಿಟೆಲ್ ‘ಕಥಾಮಾಲೆ’ಯಲ್ಲಿ ಯೇಸುವಿನ ಬದುಕನ್ನು ಕನ್ನಡ ಪದ್ಯಕ್ಕೆ ತಂದಿದ್ದರು. (ಅವರದೇ ನಿಘಂಟಿನ ನೆರಳಲ್ಲಿ ಆ ಪುಸ್ತಕ ಮರೆತೇಹೋಯಿತು, ಪಾಪ.) ಆದರೆ ನೊಂದವರ ಕೈಗೆ ಕೊಡುವುದಾದರೆ ನಾನು ಪೈಗಳನ್ನೇ ಕೊಡುತ್ತೇನೆ. ಹೆಂಡತಿಯನ್ನು ಕಳೆದುಕೊಂಡು ‘ನಂದಾದೀಪ’ದ ಕವಿತೆಗಳನ್ನು ಬರೆದವರಿಗೆ ಶಿಲುಬೆಯ ಭಾರವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಈಗ ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಭಕ್ತಿಪದ್ಯಗಳಿವೆಯಲ್ಲ, ಮೊದಲ ಸಾಲಲ್ಲಿ ಕಣ್ಣೀರು, ನಾಲ್ಕನೆಯದರಲ್ಲಿ ವಾಸಿ! ಹಾಸಿಗೆ ಹಿಡಿದು ಎದ್ದವರಿಗೆ, ಕುಡಿತ ಬಿಟ್ಟು ಒಂದೊಂದೇ ದಿನ ಎಣಿಸುವವರಿಗೆ ಇಷ್ಟು ಸಲೀಸು ಸಮಾಧಾನ ರುಚಿಸದು. ‘ಗೊಲ್ಗೊಥಾ’ ಅವಸರಪಡುವುದಿಲ್ಲ, ನೋವಿನ ಆ ಒಂದು ಹಗಲನ್ನು ಪೂರ್ತಿ ನಡೆಸಿಯೇ ಬಿಡುತ್ತದೆ. ಭಾಷೆ ಹಳತು, ಅಲ್ಲಲ್ಲಿ ಎಡವುತ್ತೀರಿ. ಎಡವಿದರೂ ಬಿಡಬೇಡಿ, ಗಟ್ಟಿಯಾಗಿ ಓದಿ. ಓದಲು ಯಾವ ಕಾಲವಾದರೂ ಆದೀತು, ಶೆಟ್ಟಿಹಳ್ಳಿಯ ಇಗರ್ಜಿಯ ಬಾಗಿಲವರೆಗೆ ನಡೆದು ಹೋಗಬೇಕೆಂದರೆ ಮಾತ್ರ ಬೇಸಿಗೆಯವರೆಗೆ ಕಾಯಬೇಕು.