ಜ್ವಾಲೆಯಿಲ್ಲದ ಒಲೆ

ವೈಶಾಖದಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲಿಗೆ ಕಾದ ಕಲಬುರಗಿಯ ಮನೆಗಳಲ್ಲಿ, ಮಧ್ಯಾಹ್ನದ ಅಡುಗೆಗಾಗಿ ಮತ್ತೆ ಬೆಂಕಿಯ ಮುಂದೆ ನಿಲ್ಲಬೇಕಾದ ಗೃಹಿಣಿಯ ಕಷ್ಟವನ್ನು ಬಲ್ಲವರಾರೂ ಇಂಡಕ್ಷನ್ ಒಲೆಯನ್ನು ಆಡಂಬರದ ವಸ್ತುವೆಂದು ತಿರಸ್ಕರಿಸಲಾರರು. ಗಾಜಿನ ಫಲಕದ ಕೆಳಗಿನ ತಾಮ್ರದ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಕಾಂತಕ್ಷೇತ್ರವನ್ನು ಸೃಷ್ಟಿಸಿ, ಪಾತ್ರೆಯ ತಳದಲ್ಲಿಯೇ ಉಷ್ಣವನ್ನು ಹುಟ್ಟಿಸುವುದರಿಂದ, ಅನಿಲದ ಉರಿಯಷ್ಟು ಅದು ಕೋಣೆಯನ್ನು ಕಾಯಿಸುವುದಿಲ್ಲ. ನಮ್ಮ ತೊಗರಿಬೇಳೆಯನ್ನು ಬೇಯಿಸುವುದಕ್ಕೆ, ಚಹಾ ಕುದಿಸುವುದಕ್ಕೆ ಇದಕ್ಕಿಂತ ಸುಖಕರವಾದ ಸಾಧನವಿಲ್ಲವೆಂದೇ ನನ್ನ ಅಭಿಮತ.

ಆದರೆ ಜೋಳದ ರೊಟ್ಟಿಯ ಮಾತು ಬೇರೆ. ಬಿಸಿನೀರಿನಲ್ಲಿ ನಾದಿ, ಕೈಯಿಂದ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ ಬೇಯಿಸಿದ ರೊಟ್ಟಿ ಕಡೆಗೆ ಉರಿಯ ಸ್ಪರ್ಶದಿಂದಲೇ ಚೆನ್ನಾಗಿ ಉಬ್ಬುವುದು. ಇಂಡಕ್ಷನ್ನಿಗೆ ಉರಿಯಿಲ್ಲ, ಮಣ್ಣಿನ ಹಂಚು ಅದರ ಮೇಲೆ ಕಾಯದು, ತಳ ಬಾಗಿದ ಕಬ್ಬಿಣದ ಹಂಚೂ ಸಮನಾಗಿ ಕಾಯದು. ಆದುದರಿಂದ ನಮ್ಮ ಸೀಮೆಯವರಿಗೆ ಹಳೆಯ ಒಲೆಯನ್ನು ಕಿತ್ತೊಗೆಯಿರೆಂದು ಬೋಧಿಸುವುದು ಅನ್ಯಾಯ. ಎರಡೂ ಒಲೆಗಳು ಜೊತೆಗಿರಲಿ.

ಇನ್ನು ವೆಚ್ಚದ ವಿಚಾರ. 2023ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯು 200 ಯೂನಿಟ್‌ಗಳ ಮಿತಿಯೊಳಗೆ ಉಚಿತ ವಿದ್ಯುತ್ತನ್ನು ಕೊಡುವುದಾದರೂ, ಪ್ರತಿ ಮನೆಯ ಪಾಲು ಅದರ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿರುವುದರಿಂದ, ಎರಡು ದೀಪ, ಒಂದು ಫ್ಯಾನಿನಲ್ಲಿ ಬಾಳಿದ ಬಡಕುಟುಂಬ ವಿದ್ಯುತ್ತಿನಿಂದ ಅಡುಗೆಮಾಡತೊಡಗಿದರೆ ಹೆಚ್ಚಳಕ್ಕೆ ಹಣ ತೆರಬೇಕಾಗುತ್ತದೆ. ಕಟ್ಟಿಗೆಯ ಹೊಗೆಯನ್ನು ಉಣ್ಣುತ್ತಿರುವವರ ಮೇಲೆಯೇ ಈ ಭಾರ ಬೀಳುವುದು ಸಲ್ಲದು. ಸರ್ಕಾರವು ಅಡುಗೆಯ ಬಳಕೆಯನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು, ಇಲ್ಲಿನ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂ ಅಡುಗೆಯ ಹೊತ್ತಿನಲ್ಲಾದರೂ ಅಖಂಡವಾಗಿ ವಿದ್ಯುತ್ತನ್ನು ಒದಗಿಸಬೇಕು.