ದ್ರಾಕ್ಷಿ ನಮ್ಮದು, ರುಚಿ ಯಾರದು?

ಗಡಿಯ ಈ ಕಡೆ ಇರಲಿ, ಆ ಕಡೆ ಇರಲಿ, ಯಾವ ಪೇಟೆಗೆ ಹೋದರೂ ‘ವೈನ್ ಶಾಪ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಒಳಗೆ ಹೋಗಿ ‘ವೈನ್ ಕೊಡ್ರಿ’ ಎಂದು ಕೇಳಿ ನೋಡಿ. ಗಲ್ಲೆಯ ಮೇಲೆ ಕುಂತವನು ‘ಕ್ವಾರ್ಟರೋ, ಹಾಫೋ?’ ಅನ್ನುತ್ತಾನೆ. ಗೋಡೆ ತುಂಬ ವಿಸ್ಕಿ, ರಮ್ಮು, ಬ್ರಾಂಡಿ. ದ್ರಾಕ್ಷಿಯಿಂದ ಮಾಡಿದ ಖರೇ ವೈನ್ ಬೇಕೆಂದರೆ ಮೇಲಿನ ಸಾಲಿನ ಮೂಲೆಯಲ್ಲಿ ಧೂಳು ಹಿಡಿದ ಎರಡು ಬಾಟಲಿ ಸಿಕ್ಕರೆ ಪುಣ್ಯ. ಹೆಸರು ವೈನಿನದು, ವ್ಯಾಪಾರ ಸೆರೆಯದು. ಹೀಗಾಗಿ ಆ ಶಬ್ದವೇ ಕೆಟ್ಟುಹೋಗಿದೆ. ಅಣ್ಣನ ಹೆಂಡತಿಯನ್ನು ‘ವೈನಿ’ ಎಂದು ಕರೆಯುವ ನಮ್ಮ ಮನೆಗಳಲ್ಲಿ ವೈನಿಯ ಎದುರು ‘ವೈನ್’ ಅನ್ನಲಿಕ್ಕೂ ನಾಚಿಕೆ.

ನಾನು ಜತ್ತ ತಾಲೂಕಿನ ದ್ರಾಕ್ಷಿ ಬೆಳೆಗಾರ. ನಮ್ಮಲ್ಲಿ ಬೇಸಿಗೆಯಲ್ಲಿ ನೀರು ಎಷ್ಟು ತುಟ್ಟಿ ಎಂಬುದು ಓದುಗರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಛಾಟಣಿ, ಅಕ್ಟೋಬರ್ ಛಾಟಣಿ, ನಡುವೆ ಔಷಧ ಹೊಡೆಯುವುದು, ಕೊನೆಗೆ ಅಕಾಲದ ಮಳೆಯ ಅಂಜಿಕೆ, ಇವೆಲ್ಲ ದಾಟಿ ಬಂದ ಹಣ್ಣು ಕೆಲವು ಪೇಟೆಗೆ, ಉಳಿದದ್ದು ಶೆಡ್ಡಿಗೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಬೇದಾಣೆ. ಅದು ತಾಸಗಾಂವದ ಸವಾಲಿಗೋ, ಸಾಂಗಲಿಗೋ, ವಿಜಯಪುರಕ್ಕೋ ಹೋಗುತ್ತದೆ. ಅಕ್ಕಲಕೋಟ, ಇಂಡಿ, ತಿಕೋಟಾ ಕಡೆಯ ಬೆಳೆಗಾರರದೂ ಹೆಚ್ಚುಕಡಿಮೆ ಇದೇ ಕಥೆ.

ಒಂದು ಮಾತು ವಿಚಾರ ಮಾಡ್ರಿ. ರೈತ ತಾನು ಬೆಳೆದದ್ದನ್ನು ಮೊದಲು ತಾನು ತಿಂದು ನೋಡುತ್ತಾನೆ. ಜೋಳ ಹಾಲುಗಾಳಿದ್ದಾಗ ಸೀತನಿ, ಕಡಲೆ ಹಸಿರಿದ್ದಾಗ ಸುಲಗಾಯಿ, ಶೇಂಗಾ ಕಿತ್ತ ದಿನವೇ ಹೊಲದಲ್ಲಿ ಸುಟ್ಟ ಕಾಯಿ. ತಿಂದು ನೋಡಿದವನಿಗೆ ಅದರ ಹದ ಗೊತ್ತು, ಹದ ಗೊತ್ತಿದ್ದವನಿಗೆ ದರ ಕೇಳುವ ಧೈರ್ಯ ಇರುತ್ತದೆ. ವೈನ್ ದ್ರಾಕ್ಷಿಯಲ್ಲಿ ಮಾತ್ರ ಈ ಪದ್ಧತಿ ಇಲ್ಲ. ಬೆಳೆದವನು ಬ್ರಿಕ್ಸ್ ತೋರಿಸಿ, ತೂಕ ಮಾಡಿಸಿ, ಚೀಟಿ ತಗೊಂಡು ಮನೆಗೆ ಬರುತ್ತಾನೆ. ಆ ಹಣ್ಣು ಏನಾಯಿತು, ಅದರ ರುಚಿ ಹೆಂಗ ಬಂತು, ಯಾಕೆ ಒಬ್ಬನ ಹಣ್ಣು ಪಸಂದ ಬಿತ್ತು, ಇನ್ನೊಬ್ಬನದು ಬೀಳಲಿಲ್ಲ ಎಂಬುದು ಅವನಿಗೆ ಗೊತ್ತೇ ಆಗುವುದಿಲ್ಲ.

ಇದು ಬರೀ ಶೋಕಿಯ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ. ದೊಡ್ಡಬಳ್ಳಾಪುರದ ಕಡೆ 1988ರಲ್ಲಿ ಗ್ರೋವರ್ ಅವರ ವೈನ್ ತೋಟ ಶುರುವಾಯಿತು. ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ವೈನಿಗೆ ಸುಂಕದ ರಿಯಾಯಿತಿ ಕೊಟ್ಟಿತು. ನಾಸಿಕದಲ್ಲಿ ವೈನರಿಗಳು ಸಾಲಾಗಿ ಎದ್ದವು. ಕರ್ನಾಟಕವೂ 2007ರಲ್ಲಿ ತನ್ನ ವೈನ್ ನೀತಿ ತಂದಿತು. ನಮ್ಮ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲೇ ಫ್ರಾಟೆಲ್ಲಿ ವೈನರಿ ಬಂತು. ಇಟಲಿಯ ಮಾತಿನಲ್ಲಿ ಫ್ರಾಟೆಲ್ಲಿ ಅಂದರೆ ಅಣ್ಣತಮ್ಮಂದಿರು. ಎಲ್ಲ ಚಲೋ ನಡೆದಿತ್ತು. 2008ರಲ್ಲಿ ಜಗತ್ತಿನಲ್ಲಿ ಮಂದಿ ಬಂತು, ಅದೇ ವರ್ಷ ಮುಂಬಯಿ ಮೇಲೆ ದಾಳಿ ಆಯಿತು, ಪ್ರವಾಸಿಗರು ಕಡಿಮೆಯಾದರು, ದೊಡ್ಡ ಹೋಟೆಲುಗಳು ಖಾಲಿ ಬಿದ್ದವು. ಟ್ಯಾಂಕಿನಲ್ಲಿ ವೈನ್ ಉಳಿಯಿತು, ತೋಟದಲ್ಲಿ ಹಣ್ಣು ಉಳಿಯಿತು. ಮುಂದಿನ ಎರಡು ಮೂರು ವರ್ಷದಲ್ಲಿ ನಾಸಿಕ ಕಡೆ ಎಷ್ಟೋ ರೈತರು ವೈನ್ ದ್ರಾಕ್ಷಿಯ ಬಳ್ಳಿ ಕಿತ್ತು ಹಾಕಿದರು.

ಕಾರಣ ಹುಡುಕಿದರೆ ಬಹಳ ದೂರ ಹೋಗಬೇಕಾಗಿಲ್ಲ. ಆ ವೈನ್ ಊಟಕ್ಕೆ ಕೂಡುವ ಸಾಮಾನಾಗಿರಲಿಲ್ಲ, ಹೋಟೆಲಿನ ಸಾಮಾನಾಗಿತ್ತು. ಬೆಳೆದ ಊರಿನಲ್ಲೇ ಒಂದು ಬಾಟಲಿಯೂ ಖರ್ಚಾಗದ ಮಾಲು ಪರರ ಕೃಪೆಯ ಮೇಲೆ ನಿಂತಿರುತ್ತದೆ. ಜೋಳದ ದರ ಬಿದ್ದರೆ ರೊಟ್ಟಿ ಬಡಿದು ತಿನ್ನಬಹುದು. ವೈನ್ ದ್ರಾಕ್ಷಿಯ ದರ ಬಿದ್ದರೆ ಏನು ಮಾಡೋಣ? ಅದು ತಿನ್ನುವ ಹಣ್ಣಲ್ಲ. ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ಪೇಟೆಯಲ್ಲಿ ಪುಕ್ಕಟೆ ಕೊಟ್ಟರೂ ಒಲ್ಲೆ ಅನ್ನುತ್ತಾರೆ.

ಹಂಗಂತ ‘ನಮ್ಮ ತಿನ್ನುವ ದ್ರಾಕ್ಷಿಯಿಂದಲೇ ವೈನ್ ಮಾಡಿದರಾಯಿತು’ ಅನ್ನುವವರಿದ್ದಾರೆ. ಥಾಮ್ಸನ್ ಇರಲಿ, ಸೊಲ್ಲಾಪುರ ಹತ್ತಿರದ ನಾನ್ನಜದ ನಾನಾಸಾಹೇಬ ಕಾಳೆಯವರು ಕೊಟ್ಟ ಸೋನಾಕಾ ಇರಲಿ, ಬಾಯಿಗೆ ಹಾಕಿಕೊಳ್ಳಲಿಕ್ಕೆ ಬಂಗಾರ. ವೈನ್ ಮಾಡಿದರೆ ಸಪ್ಪೆ. ವೈನಿನ ಬಣ್ಣ, ಒಗರು, ವಾಸನೆ ಹೆಚ್ಚಾಗಿ ಸಿಪ್ಪೆಯಿಂದ ಬರುವಂಥದು. ಕೆಂಪು ವೈನಿನ ದ್ರಾಕ್ಷಿಯನ್ನು ಹಿಚುಕಿ ನೋಡಿದರೆ ಒಳಗಿನ ರಸ ಬಹುತೇಕ ಬಿಳಿಯೇ. ಸಿಪ್ಪೆಯ ಜೋಡಿ ಹುದುಗಿದಾಗಲೇ ಅದು ಕೆಂಪಾಗುವುದು. ಗೊನೆ ಕಡಿಮೆ ಬಿಟ್ಟರೆ ರುಚಿ ಗಟ್ಟಿ, ಇಳುವರಿ ಏರಿಸಿದರೆ ರುಚಿ ನೀರು. ಇದನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುತ್ತದೆ, ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡರೆ ಮನಸ್ಸಿಗೆ ಹೋಗುತ್ತದೆ.

ವೈನ್ ಮಾಡುವ ಲೆಕ್ಕವೂ ನಮಗೆ ತಿಳಿಯದಂಥದಲ್ಲ. ಹಣ್ಣಿನ ಸಕ್ಕರೆಯನ್ನು ಈಸ್ಟ್ ತಿಂದು ಮದ್ಯಾಂಶ ಮಾಡುತ್ತದೆ. 22 ಬ್ರಿಕ್ಸ್ ಇದ್ದ ಹಣ್ಣು ಪೂರ್ತಿ ಹುದುಗಿದರೆ ಸುಮಾರು ಶೇ. 12ರಿಂದ 13 ಮದ್ಯಾಂಶ. ವಿಸ್ಕಿ, ರಮ್ಮಿನಲ್ಲಿ ಶೇ. 42ರ ಆಸುಪಾಸು ಇರುತ್ತದೆ, ಯಾಕಂದರೆ ಅದು ಭಟ್ಟಿ ಇಳಿಸಿದ್ದು. ನಮ್ಮ ಅಜ್ಜಿ ಊಟವಾದ ಮೇಲೆ ದ್ರಾಕ್ಷಾರಿಷ್ಟವನ್ನು ನೀರಿನಲ್ಲಿ ಬೆರೆಸಿ ಕುಡಿಯುತ್ತಿದ್ದಳು. ಅದೂ ಹುದುಗಿದ್ದೇ, ಅದರಲ್ಲೂ ತಾನಾಗಿ ಹುಟ್ಟಿದ ಮದ್ಯಾಂಶ ಇರುವುದೇ. ಅಳತೆ ಇತ್ತು, ಊಟ ಇತ್ತು, ಹೊತ್ತು ಇತ್ತು. ಆದ್ದರಿಂದ ಯಾರೂ ಅಜ್ಜಿಗೆ ಕುಡುಕಿ ಅನ್ನಲಿಲ್ಲ. ವೈನ್ ಔಷಧ ಅಂತ ನಾನು ಹೇಳುತ್ತಿಲ್ಲ. ಅಳತೆ, ಊಟ, ಹೊತ್ತು ಎಂಬ ಮೂರು ಮಾತು ನಮ್ಮ ಮನೆಗಳಿಗೆ ಹೊಸವಲ್ಲ ಅನ್ನುತ್ತಿದ್ದೇನೆ, ಅಷ್ಟೇ.

ಎರಡು ವರ್ಷದ ಹಿಂದೆ ಸುಗ್ಗಿ ಮುಗಿದ ಮೇಲೆ ನಮ್ಮ ಮಾಳಿಗೆಯ ಮೇಲೆ ಊಟಕ್ಕೆ ಕುಂತೆವು. ನಾನು, ನನ್ನ ಹೆಂಡತಿ, ಅಣ್ಣ, ವೈನಿ, ಇಂಡಿಯಿಂದ ಬಂದ ಬೀಗರು, ಬೀಗತಿ. ಆರು ಜನ. ಒಂದು ಬಿಳಿ, ಒಂದು ಕೆಂಪು. 750 ಮಿಲಿ ಬಾಟಲಿಯನ್ನು ಆರು ಪಾಲು ಮಾಡಿದರೆ ತಲೆಗೆ 125 ಮಿಲಿ. ಎರಡೂ ಬಾಟಲಿ ಅರ್ಧರ್ಧ ಮಾತ್ರ ತೆಗೆದೆವು, ಬಗಲಲ್ಲಿ ನೀರಿನ ತಂಬಿಗೆ. ಸ್ಟೀಲ್ ಲೋಟ ಬೇಡ ಎಂದು ಮೊದಲೇ ಹೇಳಿದ್ದೆ. ಅದರಲ್ಲಿ ಬಣ್ಣ ಕಾಣುವುದಿಲ್ಲ. ಬಾಯಿ ಕಿರಿದಾದ ಕಾಜಿನ ಗ್ಲಾಸು, ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತುಂಬಬಾರದು. ತಿರುಗಿಸಿದರೆ ವಾಸನೆ ಮೇಲೆ ಬರಲಿಕ್ಕೆ ಜಾಗ ಬೇಕು.

ಗಂಡಸರು ನಾವು ‘ಚಲೋ ಐತಿ, ಒಗರ ಐತಿ’ ಎಂದು ಎರಡು ಮಾತಿನಲ್ಲಿ ಮುಗಿಸಿದೆವು. ವೈನಿ ಗ್ಲಾಸನ್ನು ಮೂಗಿಗೆ ಹಿಡಿದು, ‘ಇದರಾಗ ಮೆಣಸಿನಕಾಳು ಕುಟ್ಟಿದ ವಾಸನಿ ಐತಲ್ರಿ’ ಅಂದರು. ಆ ಕೆಂಪು ವೈನ್ ಶಿರಾಜ್ ದ್ರಾಕ್ಷಿಯದು. ಕರಿಮೆಣಸಿನ ವಾಸನೆ ಅದರ ಗುರುತು ಎಂದು ತಿಳಿದವರೆಲ್ಲ ಹೇಳುತ್ತಾರೆ. ಬಿಳಿಯ ಶೆನಿನ್ ಬ್ಲಾಂಕಿನಲ್ಲಿ ಬೀಗತಿಗೆ ಪೇರಲಹಣ್ಣು ಸಿಕ್ಕಿತು. ಆಕೆ ಒಂದೇ ಗುಟುಕು ಕುಡಿದು ‘ಸಾಕ್ರಿ’ ಎಂದು ಇಟ್ಟಳು, ಯಾರೂ ಒತ್ತಾಯ ಮಾಡಲಿಲ್ಲ. ಜೀವನಪೂರ್ತಿ ಮಸಾಲೆ ಹುರಿದ ಮೂಗು ಅದು. ರುಚಿ ನೋಡುವ ವಿದ್ಯೆ ಅಡುಗೆಮನೆಯವರದು, ಅವರನ್ನು ಹೊರಗಿಟ್ಟು ಗಂಡಸರಷ್ಟೇ ಹೊಲದ ಬದುವಿನ ಮೇಲೆ ಕುಂತು ಕುಡಿದರೆ ರುಚಿಯೂ ಇಲ್ಲ, ಮರ್ಯಾದೆಯೂ ಇಲ್ಲ.

ಊಟದ ಜೋಡಿ ಕೂಡಿಸಿದಾಗ ಕಲಿತದ್ದು ಇಷ್ಟು. ಕೆಂಪು ಖಾರದ ಚಟ್ನಿಯ ಮೇಲೆ ಒಗರಿನ ಕೆಂಪು ವೈನ್ ಕುಡಿದರೆ ಬಾಯಿಗೆ ಬೆಂಕಿ. ಮದ್ಯಾಂಶ, ಒಗರು ಎರಡೂ ಖಾರವನ್ನು ಏರಿಸುತ್ತವೆ. ಅಲ್ಲಿ ತುಸು ಸಿಹಿ ಇದ್ದ ತಣ್ಣನೆ ಬಿಳಿ ವೈನ್ ಬೇಕು. ಶೇಂಗಾ, ಎಳ್ಳು ತುಂಬಿದ ಎಣ್ಣೆಗಾಯಿ, ಜೋಳದ ರೊಟ್ಟಿಗೆ ಕೆಂಪು ಚಲೋ ಹೊಂದುತ್ತದೆ, ಎಣ್ಣೆ ಮತ್ತು ಉಪ್ಪು ಒಗರನ್ನು ಮೆತ್ತಗೆ ಮಾಡುತ್ತವೆ. ಮಾಂಸ ತಿನ್ನುವವರಿಗೆ ಖಾರ ಹದವಾಗಿದ್ದ ಮಟನ್ನಿಗೂ ಅದೇ. ಹೂರಣದ ಹೋಳಿಗೆಯ ಮುಂದೆ ಮಾತ್ರ ಎರಡೂ ಸೋತವು. ಸಿಹಿ ತಿಂದ ಬಾಯಿಗೆ ಸಿಹಿ ಇಲ್ಲದ ವೈನ್ ಹುಳಿಯಾಗುತ್ತದೆ. ಹೋಳಿಗೆಗೆ ತುಪ್ಪವೇ ಸಾಕು.

ಇನ್ನೊಂದು ಮಾತು. ‘ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಕುಡಿಯಬೇಕು’ ಎಂದು ಹೇಳುವುದು ಯುರೋಪಿನ ತಂಪು ಮನೆಗಳ ಮಾತು. ಅದರ ಅರ್ಥ 16ರಿಂದ 18 ಡಿಗ್ರಿ. ನಮ್ಮ ಪತ್ರಾಸಿನ ಮನೆಯಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ. ಕೆಂಪನ್ನೂ ಅರ್ಧ ತಾಸು ಫ್ರಿಜ್ಜಿನಲ್ಲಿಡಬೇಕು, ಬಿಳಿಯನ್ನು ಎರಡು ಮೂರು ತಾಸು. ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ. ‘ತೆಗೆದ ಮೇಲೆ ಮುಗಿಸಲೇಬೇಕು’ ಎಂಬುದು ಕುಡುಕರ ಶಾಸ್ತ್ರ, ವೈನಿನ ಶಾಸ್ತ್ರವಲ್ಲ.

ಈಗ ವಿರೋಧದ ಮಾತು. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ದೊಡ್ಡ ಕಿರಾಣಿ ಮಳಿಗೆಗಳಲ್ಲಿ ವೈನ್ ಮಾರಲು ಒಪ್ಪಿದಾಗ ದೊಡ್ಡ ಗದ್ದಲವೇ ಎದ್ದಿತು. ಅಣ್ಣಾ ಹಜಾರೆಯವರು ಉಪವಾಸದ ಮಾತಾಡಿದರು. ಅದನ್ನು ಬರೀ ಹಳೇ ಮಂದಿಯ ಹಟ ಎಂದು ತಳ್ಳಿಹಾಕಲಿಕ್ಕೆ ಬರುವುದಿಲ್ಲ. ಸೆರೆಯಿಂದ ಹೊಲ ಮಾರಿದವರು, ಹೆಂಡತಿಯ ತಾಳಿ ಒತ್ತೆ ಇಟ್ಟವರು ನಮ್ಮ ಊರುಗಳಲ್ಲಿ ಇದ್ದಾರೆ. ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳು ಮತ ಹಾಕಿ ಅಂಗಡಿ ಮುಚ್ಚಿಸುವ ಪದ್ಧತಿ ಇದೆ, ‘ನಿಂತ ಬಾಟಲಿ’ಯೋ ‘ಅಡ್ಡ ಬಾಟಲಿ’ಯೋ ಎಂಬ ಮತದಾನ. ಅಡ್ಡ ಬಾಟಲಿ ಗೆದ್ದರೆ ಅಂಗಡಿ ಬಂದ್. ನಾನು ಆ ಅಕ್ಕತಂಗಿಯರ ಪಕ್ಷದವನೇ. ಬೆಂಡಿನ ಬಿರಡೆಯ ವೈನ್ ಬಾಟಲಿಯನ್ನೂ ಅಡ್ಡವಾಗಿಯೇ ಇಡಬೇಕು ಎಂಬುದು ಬೇರೆ ಮಾತು!

ಆರೋಗ್ಯದ ವಿಷಯದಲ್ಲೂ ಮುಚ್ಚುಮರೆ ಬೇಡ. ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ವೈನೂ ಅದರಲ್ಲಿ ಬಂತು. ಆದ್ದರಿಂದ ಕುಡಿಯದವರು ಶುರು ಮಾಡಬೇಕಾಗಿಲ್ಲ. ಮಾಳ ಹಾಕಿದ ವಾರಕರಿ, ಮಠದಲ್ಲಿ ದೀಕ್ಷೆ ಪಡೆದವರು, ಬಸುರಿ ಬಾಣಂತಿಯರು, ಗುಳಿಗೆ ನುಂಗುವವರು, ಒಮ್ಮೆ ಚಟದಿಂದ ಹೊರಬಂದವರು, ಇವರ ಮುಂದೆ ಗ್ಲಾಸು ಹಿಡಿಯುವುದೇ ತಪ್ಪು. 21 ತುಂಬದ ಮಕ್ಕಳಿಗೆ ‘ರುಚಿಗೆ’ ಎಂದು ಕೊಡುವುದೂ ಬೇಡ. ಊಟವಾದ ಮೇಲೆ ಮೋಟರ್‌ಸೈಕಲ್ ಕಿಲ್ಲಿ ಮುಟ್ಟುವುದು ಬೇಡ. ‘ನಮ್ಮದೇ ದ್ರಾಕ್ಷಿ’ ಎಂದು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಹುದುಗಿಸುವುದು ಕಾನೂನಿಗೆ ವಿರುದ್ಧ. ಮಹಾರಾಷ್ಟ್ರದಲ್ಲಿ 1949ರ ಕಾಯ್ದೆಯಂತೆ ಕುಡಿಯಲಿಕ್ಕೂ ಪರವಾನಗಿ ಬೇಕು. ಬೀಗರ ಮನೆಗೆಂದು ಬಾಟಲಿ ಗಡಿ ದಾಟಿಸುವ ಮುಂಚೆ ಎರಡೂ ಕಡೆಯ ಅಬಕಾರಿ ನಿಯಮ ಕೇಳಿಕೊಳ್ಳಿ. ಗಡಿಯವರಿಗೆ ಈ ಎಚ್ಚರ ಉಳಿದವರಿಗಿಂತ ಹೆಚ್ಚು ಬೇಕು.

ಇಷ್ಟೆಲ್ಲ ಬೇಲಿ ಹಾಕಿದ ಮೇಲೂ ನನ್ನ ವಾದ ಉಳಿಯುತ್ತದೆ. ಕುಡಿಯುವವರು ನಮ್ಮ ನಡುವೆ ಇದ್ದೇ ಇದ್ದಾರೆ. ಅವರು ಕತ್ತಲಲ್ಲಿ, ಬರಿಹೊಟ್ಟೆಯಲ್ಲಿ, ಅವಸರದಲ್ಲಿ, ಹೆಂಡತಿಗೆ ಸುಳ್ಳು ಹೇಳಿ ಕುಡಿಯುತ್ತಾರೆ. ಕೆಡುಕಿನ ಅರ್ಧ ಬಾಟಲಿಯಲ್ಲಿ ಇದ್ದರೆ ಇನ್ನರ್ಧ ಆ ಕತ್ತಲಲ್ಲಿದೆ. ಬೆಳಕಿನಲ್ಲಿ, ತಾಟಿನ ಮುಂದೆ, ಮನೆಯವರ ಎದುರು ಕುಂತವನಿಗೆ ಎರಡನೇ ಗ್ಲಾಸಿಗೆ ಕೈ ಚಾಚುವಾಗ ಹತ್ತು ಕಣ್ಣು ನೋಡುತ್ತಿರುತ್ತವೆ. ಅದಕ್ಕಿಂತ ದೊಡ್ಡ ಕಾಯ್ದೆ ಇಲ್ಲ.

ಸರಕಾರಕ್ಕೆ, ವೈನರಿಯವರಿಗೆ ನನ್ನ ಬೇಡಿಕೆ ಸಣ್ಣವು. ವೈನ್ ಮೇಳಗಳನ್ನು ಬೆಂಗಳೂರು, ಪುಣೆಗಷ್ಟೇ ಇಡಬೇಡಿ. ದ್ರಾಕ್ಷಿ ಬೆಳೆಯುವ ನಮ್ಮ ಕಡೆಗೂ ತನ್ನಿ, ಚೀಸಿನ ಬದಲು ರೊಟ್ಟಿ, ಎಣ್ಣೆಗಾಯಿ ಇಟ್ಟು ರುಚಿ ತೋರಿಸಿ. ಬಾಟಲಿಯ ಹಿಂದೆ ಕನ್ನಡದಲ್ಲಿ, ಮರಾಠಿಯಲ್ಲಿ ನಾಲ್ಕು ಸಾಲು ಬರೆಯಿರಿ. ಹಣ್ಣು ಕೊಟ್ಟ ರೈತನನ್ನು, ಅವನ ಹೆಂಡತಿಯನ್ನು ವರ್ಷಕ್ಕೊಮ್ಮೆ ಕರೆದು, ‘ಇದು ನಿಮ್ಮ ತೋಟದ್ದು, ಇದು ಪಕ್ಕದ ತೋಟದ್ದು, ಫರಕು ನೋಡ್ರಿ’ ಎಂದು ಎದುರಿಗಿಡಿ. ಕುಡಿಯದವರು ಮೂಸಿ ನೋಡಿದರೂ ಫರಕು ತಿಳಿಯುತ್ತದೆ. ಇನ್ನು ಆ ‘ವೈನ್ ಶಾಪ್’ ಬೋರ್ಡು. ಸೆರೆ ಮಾರುವ ಅಂಗಡಿಗೆ ಸೆರೆಯ ಹೆಸರೇ ಇರಲಿ. ನಮ್ಮ ಬೆಳೆಯ ಹೆಸರನ್ನು ನಮಗೆ ವಾಪಸು ಕೊಡ್ರಿ.